ಕಂಪ್ಯೂಟರಿನ ಹೊಟ್ಟೆಬಾಕ ಯಾರು?

ನಮ್ಮ ಮಂಗಳೂರಿನ ಸುರತ್ಕಲ್ಲಿನಲ್ಲಿರುವ ಎನ್‌ಐಟಿಕೆಯಂಥ ಕಾಲೇಜುಗಳಲ್ಲಿ ಒಂದೇ ಕಂಪ್ಯೂಟರನ್ನು ಹಲವರು ಏಕಕಾಲಕ್ಕೆ ಬಳಸುವುದುಂಟು. ಅದು ಇದ್ದಕ್ಕಿದ್ದಂತೆ ಆಮೆಗತಿಗೆ ಇಳಿದರೆ ಕಾರಣ ಯಾರು?

ಯುನಿಕ್ಸ್, ಲಿನಕ್ಸ್ ಯಂತ್ರವಾದರೆ ‘ಟಾಪ್’ ಎಂದು ಟೈಪ್ ಮಾಡಿ. 1984ರಲ್ಲಿ ವಿಲಿಯಂ ಲೆಫೆವ್ರ್ ಯುನಿಕ್ಸಿಗಾಗಿ ಮೊದಲು ಬರೆದ ಈ ಪುಟ್ಟ ಪ್ರೋಗ್ರಾಂ, ಹೆಚ್ಚು ಪ್ರೊಸೆಸರ್ ನುಂಗುವ ಕೆಲಸವನ್ನು ಮೇಲಿಟ್ಟು, ಒಡೆಯರ ಹೆಸರನ್ನೂ ತೋರಿಸುತ್ತದೆ.

ಆದರೆ ಮೊದಲ ಸಾಲಿನವರೇ ಅಪರಾಧಿಯೆಂದು ತೀರ್ಮಾನಿಸಬೇಡಿ. ಶೇಕಡಾ 99 ಎಂಬ ಅಂಕಿ ಕ್ಷಣದ ಮಾತು. ಸ್ವಲ್ಪ ಹೊತ್ತು ಕಾದು ನೋಡಿ. ಗಂಟೆಗಟ್ಟಲೆ ಹಾಗೇ ಇದ್ದರೆ, ಕೊನೆಯಿಲ್ಲದ ಸುತ್ತಿನಲ್ಲಿ ಸಿಕ್ಕಿಬಿದ್ದ ಪ್ರೋಗ್ರಾಂ ಇರಬಹುದು. ಯಾರದೋ ಮಹಾಪ್ರಬಂಧದ ಮೂರು ದಿನದ ಲೆಕ್ಕವೂ ಇರಬಹುದು! ಅದನ್ನು ‘ಕಿಲ್’ ಮಾಡಿದರೆ ಪಾಪ, ಅವರು ಮತ್ತೆ ಮೊದಲಿನಿಂದ ಶುರುಮಾಡಬೇಕು. ಮೊದಲು ಅವರನ್ನೇ ಕೇಳಿ. ಸಿಗದಿದ್ದರೆ ಲ್ಯಾಬಿನ ಮೇಲ್ವಿಚಾರಕರು ‘ರಿನೈಸ್’ ಆಜ್ಞೆಯಿಂದ ಆ ಕೆಲಸದ ಆದ್ಯತೆ ತಗ್ಗಿಸಬಲ್ಲರು: ಲೆಕ್ಕ ನಿಲ್ಲದು, ಉಳಿದವರಿಗೂ ಸರದಿ ಸಿಗುತ್ತದೆ.