ಈಲಿಯ ಕಾಯಿಲೆ ಮತ್ತು ಮನೆಯವರ ಕರ್ತವ್ಯ

(ಗಿರಣಿ ಕೆಲಸಗಾರರ ಮತ್ತು ಚಿಕ್ಕ ವ್ಯಾಪಾರಸ್ಥರ ಸಭೆಯಲ್ಲಿ ಮಾಡಿದ ಭಾಷಣ)



ಮನೆಯ ಯಜಮಾನನಿಗೆ ಹೃದಯದ ಕಾಯಿಲೆ ಬಂದರೆ ನೆರೆಹೊರೆಯವರು ಮರುಗುತ್ತಾರೆ. ಅವನ ಕಣ್ಣು ಹಳದಿಯಾಗಿ ಹೊಟ್ಟೆ ಉಬ್ಬಿದರೆ ಮಾತ್ರ, "ಕುಡಿದ, ಅನುಭವಿಸುತ್ತಾನೆ" ಎನ್ನುತ್ತಾರೆ. ಈ ಮಾತಿಗೆ ಹೆದರಿ ಕಾಯಿಲೆಯನ್ನು ಮುಚ್ಚಿಡುವ ಸಂಸಾರಗಳಿವೆ. ಮುಚ್ಚಿಟ್ಟ ಕಾಯಿಲೆ ಒಳಗೇ ಬೆಳೆಯುತ್ತದೆ.

ಪುಸ್ತಕದಲ್ಲಿ ಯಕೃತ್ತು, ಡಾಕ್ಟರ ಬಾಯಲ್ಲಿ ಲಿವರ್, ನಮ್ಮ ಮಾತಿನಲ್ಲಿ ಈಲಿ. ಬಲಗಡೆ ಪಕ್ಕೆಲುಬಿನ ಅಡಿಯಲ್ಲಿರುವ, ಸುಮಾರು ಒಂದೂವರೆ ಕಿಲೋ ತೂಕದ ಅಂಗ. ಉಂಡ ಅನ್ನದ ಸಾರವನ್ನು ಕೂಡಿಡುವುದು, ರಕ್ತದ ವಿಷವನ್ನು ಕಳೆಯುವುದು, ರಕ್ತ ಹೆಪ್ಪುಗಟ್ಟಲು ಬೇಕಾದುದನ್ನು ತಯಾರಿಸುವುದು, ಎಲ್ಲವೂ ಅದರ ಪಾಲಿನ ಕೆಲಸ. ಅದು ದೂರು ಹೇಳದ ಕೆಲಸಗಾರ. ವರ್ಷಗಟ್ಟಲೆ ಪೆಟ್ಟು ತಿಂದು, ಗಾಯದ ಕಲೆ ಗಟ್ಟಿಯಾಗಿ ಸಿರೋಸಿಸ್ ಆದ ಮೇಲೆಯೇ ಅನೇಕರಿಗೆ ಗೊತ್ತಾಗುವುದು.

ಪೆಟ್ಟು ಕೊಡುವುದು ಮದ್ಯ ಒಂದೇ ಅಲ್ಲ. ಹೆಪಟೈಟಿಸ್ ಬಿ ಮತ್ತು ಸಿ ಎಂಬ ವೈರಸ್ಸುಗಳು ಕೊಳೆ ಸೂಜಿಯಿಂದಲೂ ಒಬ್ಬರು ಬಳಸಿದ ಬ್ಲೇಡಿನಿಂದಲೂ ಅಂಟಬಹುದು. ಬಿ ವೈರಸ್ ದಾಂಪತ್ಯ ಸಂಪರ್ಕದಿಂದಲೂ, ತಾಯಿಯಿಂದ ಮಗುವಿಗೂ ದಾಟುತ್ತದೆ. ಸಕ್ಕರೆ ಕಾಯಿಲೆ, ಬೊಜ್ಜು ಇದ್ದವರಿಗೆ ಈಲಿಯಲ್ಲಿ ಕೊಬ್ಬು ತುಂಬಿ, ಒಂದು ತೊಟ್ಟೂ ಕುಡಿಯದೆ ಇದೇ ಗತಿ ಬರಬಹುದು. ಕುಡಿತದಿಂದಲೇ ಬಂದಿದ್ದರೂ ಕಾಯಿಲೆ ಕಾಯಿಲೆಯೇ. ಕುಡಿತವನ್ನು ಪೂರ್ತಿ ಬಿಡಲೇಬೇಕು, ಸಂಶಯವಿಲ್ಲ. ಆದರೆ ನಿತ್ಯ ಬಹಳ ಕುಡಿಯುವವನನ್ನು ಕೋಣೆಯಲ್ಲಿ ಕೂಡಿಹಾಕಿ ಒಮ್ಮೆಲೇ ಬಿಡಿಸಹೊರಟರೆ ಸೆಳವು, ಸನ್ನಿ ಬಂದು ಪ್ರಾಣಕ್ಕೇ ಅಪಾಯ. ಡಾಕ್ಟರ ನೆರವಿನಿಂದ ಬಿಡಿಸಬೇಕು.

ಇನ್ನು ಊಟ. ಕಾಮಾಲೆ ಎಂದೊಡನೆ ಬರೀ ಗಂಜಿಯ ಪಥ್ಯ ಎಂಬುದು ಹಳೆಯ ರೂಢಿ. ಸಿರೋಸಿಸ್ ರೋಗಿಗೆ ಇದು ಸಲ್ಲದು. ಕೆಟ್ಟ ಈಲಿ ರಾತ್ರಿಗೆ ಬೇಕಾದ ಶಕ್ತಿಯನ್ನು ಕೂಡಿಡಲಾರದು. ಹೊಟ್ಟೆ ಬರಿದಾದರೆ ದೇಹ ತನ್ನ ಮಾಂಸಖಂಡವನ್ನೇ ಕರಗಿಸಿಕೊಳ್ಳುತ್ತದೆ. ಬೇಳೆ, ಹೆಸರುಕಾಳು, ಮೊಸರು, ಮೊಟ್ಟೆ ಇವನ್ನು ಸ್ವಲ್ಪ ಸ್ವಲ್ಪವಾಗಿ ಹಲವು ಸಲ ಕೊಡಿ. ಮಲಗುವ ಮುನ್ನ ಹಾಲಿನೊಡನೆ ಒಂದು ರೊಟ್ಟಿಯನ್ನಾದರೂ ಕೊಡಿ. ಹೊಟ್ಟೆಯಲ್ಲಿ ನೀರು ತುಂಬಿ ಜಲೋದರವಾದರೆ ಉಪ್ಪನ್ನು ದಿನಕ್ಕೆ ಒಂದು ಚಹಾ ಚಮಚ ಮೀರಿಸಬೇಡಿ; ಉಪ್ಪಿನಕಾಯಿ, ಹಪ್ಪಳ ಬೇಡ.

ಮೈಕೈ ನೋವಿಗೆಂದು ಐಬುಪ್ರೊಫೇನ್, ಡೈಕ್ಲೊಫೆನಾಕ್ ಗುಳಿಗೆಗಳನ್ನು ಅಂಗಡಿಯಿಂದ ತಂದು ನುಂಗಿಸಬೇಡಿ. ಗಿಡಮೂಲಿಕೆಯೆಲ್ಲ ನಿರಪಾಯವೆಂದೂ ನಂಬಬೇಡಿ. ಅಮೃತಬಳ್ಳಿ ಸೇವಿಸಿದ ಕೆಲವರ ಈಲಿಗೆ ಹಾನಿಯಾದುದನ್ನು 2021ರಲ್ಲಿ ಮುಂಬಯಿಯ ವೈದ್ಯರು ವರದಿ ಮಾಡಿದ್ದಾರೆ.

ಎಲ್ಲಕ್ಕಿಂತ ಮುಖ್ಯವಾದ ಮಾತು ಇದು. ಈಲಿ ಕಳೆಯದೆ ಬಿಟ್ಟ ವಿಷ ಮಿದುಳಿಗೆ ಏರುತ್ತದೆ. ಹಗಲು ನಿದ್ದೆ, ರಾತ್ರಿ ಎಚ್ಚರ, ಮಾತು ತೊದಲುತ್ತದೆ, ಕೈ ನಡುಗುತ್ತದೆ, ಅಂಗಡಿಯ ಲೆಕ್ಕದಲ್ಲಿ ಎಂದೂ ತಪ್ಪದವರು ಚಿಲ್ಲರೆ ಎಣಿಸಲು ತಡವರಿಸುತ್ತಾರೆ, ಸುಮ್ಮಸುಮ್ಮನೆ ಸಿಡುಕುತ್ತಾರೆ. "ಮತ್ತೆ ಕುಡಿದು ಬಂದ" ಎಂದು ಮನೆಯವರು ಬಾಗಿಲು ಹಾಕಿಕೊಂಡರೆ, ಆ ರಾತ್ರಿಯೇ ಅವನ ಕೊನೆಯ ರಾತ್ರಿಯಾಗಬಹುದು! ಬೈಯುವ ಮೊದಲು ಆಸ್ಪತ್ರೆಗೆ ಕರೆದೊಯ್ಯಿರಿ. ಮಲಬದ್ಧತೆಯೂ ಇದಕ್ಕೆ ಒಂದು ಕಾರಣ. ಡಾಕ್ಟರು ಕೊಡುವ ಲ್ಯಾಕ್ಟುಲೋಸ್ ಪಾನಕ ದಿನಕ್ಕೆ ಎರಡು ಮೂರು ಸಲ ಹೊಟ್ಟೆ ಸಡಿಲಿಸುವುದಕ್ಕೇ ಇರುವುದು. ಭೇದಿಯೆಂದು ನೀವಾಗಿಯೇ ನಿಲ್ಲಿಸಬೇಡಿ, ಹೆಚ್ಚಾದರೆ ಅವರನ್ನು ಕೇಳಿ. ರಕ್ತವಾಂತಿ, ಡಾಂಬರಿನಂಥ ಕಪ್ಪು ಮಲ, ಜಲೋದರದೊಡನೆ ಜ್ವರ ಅಥವಾ ಹೊಟ್ಟೆನೋವು ಕಂಡರೆ ಬೆಳಗಾಗುವವರೆಗೆ ಕಾಯಬೇಡಿ.

ಒಬ್ಬರಿಗೆ ಹೆಪಟೈಟಿಸ್ ಬಿ ಇದ್ದರೆ ಮನೆಯವರೆಲ್ಲ ಪರೀಕ್ಷೆ ಮಾಡಿಸಿಕೊಂಡು, ಅಂಟದವರು ಲಸಿಕೆ ಹಾಕಿಸಿಕೊಳ್ಳಿ. ಹುಟ್ಟಿದ ಮಗುವಿಗೆ 24 ಗಂಟೆಯೊಳಗೆ ಲಸಿಕೆ ಬೀಳಬೇಕು. ಒಂದೇ ಪಂಕ್ತಿಯಲ್ಲಿ ಉಂಡರೆ ಇದು ಅಂಟದು. ತಟ್ಟೆ ಬೇರೆ ಇಡುವುದು ಅನ್ಯಾಯ. ಸಿ ವೈರಸ್ಸನ್ನಂತೂ 12 ವಾರ, ಕೆಲವರಿಗೆ 24 ವಾರ, ಗುಳಿಗೆ ನುಂಗಿ ಬಹುಮಂದಿ ಪೂರ್ತಿ ಕಳೆದುಕೊಳ್ಳುತ್ತಾರೆ. 2018ರಲ್ಲಿ ಆರಂಭವಾದ ರಾಷ್ಟ್ರೀಯ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮದಲ್ಲಿ ಪರೀಕ್ಷೆಯೂ ಔಷಧವೂ ಉಚಿತ. ಜಿಲ್ಲಾ ಆಸ್ಪತ್ರೆಯಲ್ಲಿ ಕೇಳಿ ಪಡೆಯಿರಿ; ಅದು ಭಿಕ್ಷೆಯಲ್ಲ, ನಿಮ್ಮ ಹಕ್ಕು. ಇ.ಎಸ್.ಐ. ಇರುವ ಕೆಲಸಗಾರರು ದೀರ್ಘ ಕಾಯಿಲೆಯ ಭತ್ಯೆ ತಮಗೆ ಸಲ್ಲುವುದೇ ಎಂದು ವಿಚಾರಿಸದೆ ಕೆಲಸ ಬಿಡಬೇಡಿ.

ಕಡೆಯದಾಗಿ, ರೋಗಿಯ ಆರೈಕೆ ಮಾಡುವ ಹೆಣ್ಣುಮಗಳನ್ನು ಮರೆಯಬೇಡಿ. ಅವಳಿಗೂ ರಾತ್ರಿ ನಿದ್ದೆಯಿಲ್ಲ, ಹಗಲು ದುಡಿಮೆ ತಪ್ಪಿದ್ದಲ್ಲ. ಆಸ್ಪತ್ರೆಯ ಸಾಲಿನಲ್ಲಿ ಒಂದು ದಿನ ಅಣ್ಣ ನಿಲ್ಲಲಿ, ಒಂದು ರಾತ್ರಿ ಮಗ ಎದ್ದಿರಲಿ, ಒಂದು ಹೊತ್ತಿನ ಅಡಿಗೆ ಪಕ್ಕದ ಮನೆಯಿಂದ ಬರಲಿ. ಚೀಟಿ, ಔಷಧದ ವೇಳೆ, ದಿನದಿನದ ತೂಕ ಇವನ್ನು ಶಾಲೆಗೆ ಹೋಗುವ ಮಗುವೂ ಬರೆದಿಡಬಲ್ಲದು. ಹೊರೆ ಹಂಚಿಕೊಂಡರೆ ಹಗುರ.