ಕುಣಿತ ಮುಗಿದ ಮೇಲೆ: ಅಂತಾರಾಷ್ಟ್ರೀಯ ಸಮಕಾಲೀನ ನೃತ್ಯ ಸಮಾವೇಶದ ಉದ್ಘಾಟನಾ ಭಾಷಣ

ನಿಜಿನ್‌ಸ್ಕಿ ಸಂಯೋಜಿಸಿದ ‘ದ ರೈಟ್ ಆಫ್ ಸ್ಪ್ರಿಂಗ್’ ಎಂಬ ನೃತ್ಯ 1913ರ ಮೇ 29ರಂದು ಪ್ಯಾರಿಸ್‌ನಲ್ಲಿ ಮೊದಲ ಸಲ ರಂಗಕ್ಕೆ ಬಂತು. ಅದರಲ್ಲಿ ವಸಂತ ಬರಲೆಂದು ಊರವರು ಒಬ್ಬ ಹುಡುಗಿಯನ್ನು ಆರಿಸುತ್ತಾರೆ. ಅವಳು ಕುಣಿದು ಕುಣಿದೇ ಸಾಯಬೇಕು. ಸಂಗೀತ ಸ್ಟ್ರಾವಿನ್‌ಸ್ಕಿಯದು. ಬ್ಯಾಲೆ ಎಂದರೆ ಪಾದ ಹೊರಕ್ಕೆ ತಿರುಗಿಸಿ, ಮೈ ಹಗುರ ಮಾಡಿಕೊಂಡು ಮೇಲಕ್ಕೆ ಏಳುವುದು ಎಂದು ನಂಬಿದ್ದ ಪ್ರೇಕ್ಷಕರ ಎದುರು, ಪಾದ ಒಳಕ್ಕೆ ತಿರುಗಿಸಿ, ಬೆನ್ನು ಬಾಗಿಸಿ, ನೆಲವನ್ನು ಧಡಧಡ ತುಳಿಯುವ ನರ್ತಕರು ಬಂದು ನಿಂತರು. ಸಭಾಂಗಣದಲ್ಲಿ ಎದ್ದ ಗದ್ದಲಕ್ಕೆ ವಾದ್ಯಗಳ ಸದ್ದೇ ಕೇಳದಾಯಿತು. ನಿಜಿನ್‌ಸ್ಕಿ ರಂಗದ ಪಕ್ಕದಲ್ಲಿ ಕುರ್ಚಿ ಹತ್ತಿ ನಿಂತು ನರ್ತಕರಿಗೆ ಎಣಿಕೆಯನ್ನು ಕೂಗಿ ಹೇಳಬೇಕಾಯಿತು. ಬೆರಳೆಣಿಕೆಯ ಪ್ರದರ್ಶನಗಳ ಬಳಿಕ ಆ ನೃತ್ಯ ನಿಂತುಹೋಯಿತು. ಸಂಗೀತ ಕಾಗದದ ಮೇಲೆ ಉಳಿಯಿತು, ಹೆಜ್ಜೆಗಳು ಹೋದವು.

ಹೋದ ಹೆಜ್ಜೆಗಳನ್ನು ಮತ್ತೆ ಹುಡುಕಿ ಕೂಡಿಸಿದವರು ಅಮೆರಿಕದ ಮಿಲಿಸೆಂಟ್ ಹಾಡ್ಸನ್. ಕಲಾ ಇತಿಹಾಸಕಾರ ಕೆನೆತ್ ಆರ್ಚರ್ ಜೊತೆಗೂಡಿ ಅವರು ವರ್ಷಗಟ್ಟಲೆ ಚೂರುಗಳನ್ನು ಹೆಕ್ಕಿದರು. ತಾಲೀಮಿನಲ್ಲಿ ನೆರವಾಗಿದ್ದ ಮೇರಿ ರಾಂಬೆರ್ ಸ್ವರಲಿಪಿಯ ಪುಟಗಳ ಮೇಲೆ ಬರೆದಿಟ್ಟ ಟಿಪ್ಪಣಿಗಳು, ವ್ಯಾಲೆಂಟೀನ್ ಗ್ರಾಸ್ ಎಂಬ ಕಲಾವಿದೆಯ ರೇಖಾಚಿತ್ರಗಳು, ಉಳಿದುಕೊಂಡ ಉಡುಪುಗಳು, ಅಂದಿನ ಪತ್ರಿಕೆಗಳ ವಿಮರ್ಶೆಗಳು ಒಂದೆಡೆ ಸೇರಿದವು. 1987ರಲ್ಲಿ ಜಾಫ್ರಿ ಬ್ಯಾಲೆ ತಂಡ ಲಾಸ್ ಏಂಜಲೀಸ್‌ನಲ್ಲಿ ಅದನ್ನು ಆಡಿ ತೋರಿಸಿತು. 1913ರಲ್ಲಿ ಬರೆದವರಲ್ಲಿ ಮೆಚ್ಚಿದವರಿದ್ದರು, ಬೈದವರೂ ಇದ್ದರು. ಆದರೆ 74 ವರ್ಷಗಳ ಬಳಿಕ ಕೆಲಸಕ್ಕೆ ಬಂದದ್ದು ಯಾರು ಎಲ್ಲಿ ನಿಂತಿದ್ದರು, ತಲೆ ಎತ್ತ ವಾಲಿತ್ತು, ಗುಂಪು ಹೇಗೆ ಸುತ್ತಿತು ಎಂದು ಕಂಡದ್ದನ್ನು ಕಂಡಂತೆ ಬರೆದ ಸಾಲುಗಳು. ‘ಅದ್ಭುತ’, ‘ಅಸಹ್ಯ’ ಎಂಬ ಮಾತುಗಳಿಂದ ಒಂದು ಹೆಜ್ಜೆಯೂ ಹಿಂದಕ್ಕೆ ಬರುವುದಿಲ್ಲ.

ನೃತ್ಯದ ಸಮಾವೇಶವೊಂದು ಸಂಜೆಯ ಪ್ರದರ್ಶನ, ಬೆಳಗಿನ ಕಮ್ಮಟ, ಮಧ್ಯಾಹ್ನದ ವಿಚಾರಗೋಷ್ಠಿ ಮೂರನ್ನೂ ಒಂದೇ ಸೂರಿನಡಿ ತರುವುದಕ್ಕೆ ಕಾರಣ ಇದೇ. ಕಾವ್ಯಕ್ಕೆ ಪುಸ್ತಕವಿದೆ, ಶಿಲ್ಪಕ್ಕೆ ಕಲ್ಲಿದೆ. ನೃತ್ಯಕ್ಕೆ ಇರುವುದು ಆಡುವವರ ಮೈ, ನೋಡಿದವರ ನೆನಪು, ಬರೆದಿಟ್ಟವರ ಮಾತು. ವಿಡಿಯೊ ಬಂದ ಮೇಲೂ ಈ ಸ್ಥಿತಿ ಪೂರ್ತಿ ಬದಲಾಗಿಲ್ಲ. ಕ್ಯಾಮೆರಾ ಒಂದು ಕೋನದಿಂದ ಆಕಾರವನ್ನು ಹಿಡಿಯುತ್ತದೆ. ಮೈಭಾರ ಯಾವ ಪಾದದ ಮೇಲಿತ್ತು, ಉಸಿರು ಎಲ್ಲಿ ನಿಂತಿತ್ತು ಎಂಬುದನ್ನು ಹಿಡಿಯಲಾರದು.

ಸಮಕಾಲೀನ ನೃತ್ಯಕ್ಕೆ ಭರತನಾಟ್ಯದ ಅಡವಿನಂತೆ ಎಲ್ಲರೂ ಒಪ್ಪಿದ ಒಂದೇ ಪಾಠಕ್ರಮವಿಲ್ಲ. ಒಬ್ಬೊಬ್ಬ ಸಂಯೋಜಕರೂ ಮೈಗೆ ಹೊಸ ಪ್ರಶ್ನೆ ಹಾಕಿದ್ದೇ ಅದರ ಚರಿತ್ರೆ. ಮಾರ್ಥಾ ಗ್ರಹಾಂ ಉಸಿರು ಬಿಡುತ್ತ ಹೊಟ್ಟೆಯನ್ನು ಒಳಕ್ಕೆ ಎಳೆದು, ಉಸಿರೆಳೆಯುತ್ತ ಸಡಿಲಿಸುವುದರಿಂದಲೇ ಒಂದು ಪದ್ಧತಿ ಕಟ್ಟಿದರು. ಮರ್ಸ್ ಕನ್ನಿಂಗ್‌ಹ್ಯಾಂ ಸಂಗೀತಕ್ಕೂ ನೃತ್ಯಕ್ಕೂ ಇದ್ದ ಗಂಟು ಬಿಚ್ಚಿದರು. ಅವರ ನರ್ತಕರು ಎಷ್ಟೋ ಸಲ ಸಂಗೀತವನ್ನು ಮೊದಲು ಕೇಳುತ್ತಿದ್ದುದು ಪ್ರದರ್ಶನದ ದಿನವೇ. ಜಪಾನಿನಲ್ಲಿ ತತ್ಸುಮಿ ಹಿಜಿಕಾತಾ 1959ರಲ್ಲಿ ಬ್ಯುಟೊ ಎಂಬ ನೃತ್ಯಕ್ಕೆ ನಾಂದಿ ಹಾಡಿದರು. 1972ರಲ್ಲಿ ಸ್ಟೀವ್ ಪ್ಯಾಕ್ಸ್‌ಟನ್ ಆರಂಭಿಸಿದ ‘ಕಾಂಟ್ಯಾಕ್ಟ್ ಇಂಪ್ರೊವೈಸೇಶನ್’ ಇಂದು ಜಗತ್ತಿನ ಎಷ್ಟೋ ನೃತ್ಯ ಕಮ್ಮಟಗಳಲ್ಲಿದೆ. ಅಲ್ಲಿ ಇಬ್ಬರು ಬೆನ್ನಿಗೆ ಬೆನ್ನು ಕೊಟ್ಟು ನಿಲ್ಲುತ್ತಾರೆ. ಒಬ್ಬರು ಸ್ವಲ್ಪ ಒರಗುತ್ತಾರೆ, ಇನ್ನೊಬ್ಬರು ಮೊಣಕಾಲು ಸಡಿಲಿಸಿ ಆ ಭಾರಕ್ಕೆ ಸೊಂಟ ಕೊಡುತ್ತಾರೆ. ಮೈಗಳು ಕೂಡುವ ಜಾಗ ಸೊಂಟದಿಂದ ಭುಜಕ್ಕೆ, ಭುಜದಿಂದ ತೋಳಿಗೆ ಉರುಳುತ್ತ ಹೋಗುತ್ತದೆ. ನೋಡನೋಡುತ್ತಲೇ ಒಬ್ಬರ ಕಾಲು ನೆಲ ಬಿಟ್ಟಿರುತ್ತದೆ. ಎತ್ತಿದ್ದು ಯಾರು, ಎದ್ದದ್ದು ಯಾರು ಎಂದು ಅವರಿಗೂ ಹೇಳಲು ಬರುವುದಿಲ್ಲ.

ಇಂಥ ನೃತ್ಯ ಒಂದು ಮೈಯಿಂದ ಇನ್ನೊಂದಕ್ಕೆ ದಾಟುವುದು ಹೇಗೆ ಎಂಬುದಕ್ಕೆ ಪೀನಾ ಬೌಶ್ ಅವರ ಕೃತಿಗಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ. ಸ್ಟ್ರಾವಿನ್‌ಸ್ಕಿಯ ಅದೇ ಸಂಗೀತಕ್ಕೆ ಅವರು 1975ರಲ್ಲಿ ಜರ್ಮನಿಯ ವುಪ್ಪರ್ತಾಲ್‌ನಲ್ಲಿ ತಮ್ಮದೇ ನೃತ್ಯ ಸಂಯೋಜಿಸಿದರು. ರಂಗದ ತುಂಬ ಕಪ್ಪು ಮಣ್ಣು ಹರಡಿರುತ್ತದೆ. ಕುಣಿಯುತ್ತ ಹೋದಂತೆ ಅದು ಬೆವರಿಗೆ ಅಂಟಿ, ತೆಳು ಉಡುಪಿಗೆ ಮೆತ್ತಿಕೊಂಡು, ಕೊನೆಗೆ ಆಯ್ಕೆಯಾದ ಹುಡುಗಿಯ ಕೆಂಪು ಉಡುಪನ್ನೂ ಬಿಡುವುದಿಲ್ಲ. ದಣಿವನ್ನು ಅಲ್ಲಿ ಯಾರೂ ನಟಿಸಬೇಕಾಗಿಲ್ಲ, ಮಣ್ಣೇ ದಣಿಸುತ್ತದೆ. ಬೌಶ್ 2009ರಲ್ಲಿ ತೀರಿಕೊಂಡರು. ಆಮೇಲೆ ಅವರ ತಂಡದ ಹಳೆಯ ನರ್ತಕರು ಸೆನೆಗಲ್‌ನ ಕಡಲತಡಿಯಲ್ಲಿ ಜರ್ಮೇನ್ ಅಕೊನಿ ಕಟ್ಟಿದ ಎಕೋಲ್ ದೆ ಸಾಬ್ಲ್ ಶಾಲೆಗೆ ಹೋಗಿ, ಆಫ್ರಿಕಾದ 14 ದೇಶಗಳ 38 ನರ್ತಕರಿಗೆ ಅದನ್ನು ಕಲಿಸಿದರು. 2020ರ ಮಾರ್ಚ್‌ನಲ್ಲಿ ಕೊರೊನಾ ಬಂದು ಪ್ರದರ್ಶನಗಳು ನಿಂತಾಗ, ಚದುರುವ ಮೊದಲು ಆ ನರ್ತಕರು ಮುಸ್ಸಂಜೆಯಲ್ಲಿ ಕಡಲ ಮರಳಿನ ಮೇಲೆ ಪೂರ್ತಿ ನೃತ್ಯವನ್ನು ಒಮ್ಮೆ ಆಡಿದರು. ಅದರ ಚಿತ್ರೀಕರಣ ಇಂದಿಗೂ ಇದೆ. ಹೆಜ್ಜೆ ಅವೇ. ಆದರೆ ನೆಲ ತುಳಿಯುವ ಕಲೆಯನ್ನು ಬೇರೆ ಪರಂಪರೆಗಳಲ್ಲಿ ಕಲಿತ ಪಾದಗಳು ಅವಕ್ಕೆ ಬೇರೆಯೇ ತೂಕ ಕೊಟ್ಟವು. ನೃತ್ಯದ ಅಧ್ಯಯನವೆಂದರೆ ಮುಖ್ಯವಾಗಿ ಈ ತೂಕದ ವ್ಯತ್ಯಾಸವನ್ನು ಗುರುತಿಸುವುದು.

ಭಾರತದಲ್ಲಿ ಹೊಸ ನೃತ್ಯದ ಹಾದಿ ಉದಯಶಂಕರರಿಂದ ತೆರೆದುಕೊಂಡಿತು. ಬೆಂಗಳೂರಿನಲ್ಲಿ 1912ರಲ್ಲಿ ಹುಟ್ಟಿದ ರಾಮ್ ಗೋಪಾಲ್ ಭರತನಾಟ್ಯ, ಕಥಕ್ಕಳಿಗಳನ್ನು ಕಲಿತು ಯುರೋಪಿನ ರಂಗಗಳಲ್ಲಿ ಮೆರೆದರು. ಆದರೆ ಎರಡು ಲೋಕದ ನರ್ತಕರು ಎದುರುಬದುರು ಕೂತು ವಾದಿಸಿದ ಸಂದರ್ಭ 1984ರಲ್ಲಿ ಮುಂಬೈಯಲ್ಲಿ ನಡೆದ ‘ಈಸ್ಟ್ ವೆಸ್ಟ್ ಡಾನ್ಸ್ ಎನ್‌ಕೌಂಟರ್’. ಮ್ಯಾಕ್ಸ್ ಮುಲ್ಲರ್ ಭವನದ ಗೇಯಾರ್ಗ್ ಲೆಷ್ನರ್ ಇದರ ಹಿಂದಿದ್ದರು. ವರ್ಷಗಳಿಂದ ರಂಗ ಬಿಟ್ಟಿದ್ದ ಚಂದ್ರಲೇಖಾ ಅಲ್ಲಿ ಮರಳಿ ಬಂದರು. ಮರುವರ್ಷವೇ ಅವರ ‘ಆಂಗಿಕ’ ಬಂತು. ಭರತನಾಟ್ಯ, ಯೋಗ, ಕಳರಿಪಯಟ್ಟು ಮೂರನ್ನೂ ಪಕ್ಕಪಕ್ಕದಲ್ಲಿಟ್ಟು, ಇವೆಲ್ಲ ಒಂದೇ ಬೆನ್ನುಹುರಿಯಿಂದ ಹೊರಟವೇ ಎಂದು ಅದು ಕೇಳಿತು. 2001ರ ‘ಶರೀರ’ದ ಹೊತ್ತಿಗೆ ಅವರ ನೃತ್ಯ ಎಷ್ಟು ನಿಧಾನವಾಗಿತ್ತೆಂದರೆ, ಗುಂಡೇಚಾ ಸಹೋದರರ ಧ್ರುಪದದ ಆಲಾಪಕ್ಕೆ ಒಂದು ಕಾಲು ಮೇಲೇಳುವುದನ್ನೇ ಪ್ರೇಕ್ಷಕರು ಉಸಿರು ಬಿಗಿಹಿಡಿದು ನೋಡಬೇಕಿತ್ತು. ಈ ಎರಡು ಕೃತಿಗಳಿಗೂ ಸ್ಫೂರ್ತಿ ಮುಂಬೈಯ ಆ ಕೂಟ ಮಾತ್ರ ಎನ್ನಲಾಗದು. ಕಲಾವಿದೆಯೊಬ್ಬರು ಮರಳಲು ಬೇಕಾದ ವೇದಿಕೆಯನ್ನು, ಎದುರು ನಿಂತು ಮಾತಾಡುವ ಜನರನ್ನು ಅದು ಒದಗಿಸಿತು. ಸಮಾವೇಶದಿಂದ ನಿರೀಕ್ಷಿಸಬಹುದಾದ ದೊಡ್ಡ ಕೊಡುಗೆ ಅದೇ.

ಬೆಂಗಳೂರಿಗೂ ಈ ಪರಂಪರೆ ಹೊಸತಲ್ಲ. ಸೋವಿಯತ್ ಒಕ್ಕೂಟದಲ್ಲಿ ನೃತ್ಯ ಸಂಯೋಜನೆ ಕಲಿತು ಬಂದ ಮಾಯಾ ರಾವ್ ಈ ನಗರದಲ್ಲಿ ಅದನ್ನು ಒಂದು ಶಿಸ್ತಾಗಿ ಪಾಠ ಹೇಳಿದರು. ಅಟ್ಟಕ್ಕಳರಿ ಸಂಸ್ಥೆ 2000ದಿಂದ ಇಲ್ಲಿ ಸಮಕಾಲೀನ ನೃತ್ಯದ ದ್ವೈವಾರ್ಷಿಕ ಉತ್ಸವ ನಡೆಸಿದೆ. ಅದರೊಂದಿಗೆ ನೃತ್ಯ ಬರಹದ ಕಮ್ಮಟಗಳೂ ನಡೆದಿವೆ. ಇನ್ನು ಅಧ್ಯಯನದ ಮಾತು ಬಂದರೆ, ಅಮೆರಿಕದ ಮಾರ್ತಾ ಆಶ್ಟನ್ ಕರಾವಳಿಗೆ ಬಂದು ತಾವೇ ಗೆಜ್ಜೆ ಕಟ್ಟಿ ಹೆಜ್ಜೆ ಕಲಿತು, 1977ರಲ್ಲಿ ಬ್ರೂಸ್ ಕ್ರಿಸ್ಟಿ ಜೊತೆ ಯಕ್ಷಗಾನದ ಬಗ್ಗೆ ಪುಸ್ತಕ ತಂದದ್ದನ್ನು ಮರೆಯಲಾಗದು.

ಪ್ರದರ್ಶನ, ಅಧ್ಯಯನ, ವಿಮರ್ಶೆ ಈ ಮೂರರಲ್ಲಿ ಅತ್ಯಂತ ಬಡವಾದದ್ದು ವಿಮರ್ಶೆ. ನ್ಯೂಯಾರ್ಕ್ ಟೈಮ್ಸ್ ಪತ್ರಿಕೆ ಜಾನ್ ಮಾರ್ಟಿನ್ ಅವರನ್ನು ನೃತ್ಯ ವಿಮರ್ಶಕರಾಗಿ ತೆಗೆದುಕೊಂಡದ್ದು 1927ರಲ್ಲಿ. ಅಲ್ಲಿಯೂ ಇದು ಎಳೆಯ ವೃತ್ತಿ. ಅದರ ಕಠಿಣ ಪರೀಕ್ಷೆ 1994ರ ಕೊನೆಯಲ್ಲಿ ಬಂತು. ಬಿಲ್ ಟಿ. ಜೋನ್ಸ್ ಅವರು ಮಾರಕ ಕಾಯಿಲೆಯವರೊಡನೆ ಕಮ್ಮಟ ನಡೆಸಿ, ಆ ಅನುಭವದಿಂದ ‘ಸ್ಟಿಲ್/ಹಿಯರ್’ ಕಟ್ಟಿದ್ದರು. ನ್ಯೂಯಾರ್ಕರ್ ಪತ್ರಿಕೆಯ ಅರ್ಲೀನ್ ಕ್ರೋಚೆ ತಾವು ಅದನ್ನು ನೋಡಿಲ್ಲ, ನೋಡುವುದೂ ಇಲ್ಲ ಎಂದು ಸಾರಿ, ಅದರ ಮೇಲೆ ದೀರ್ಘ ಲೇಖನ ಬರೆದರು. ನಿಜವಾದ ನೋವನ್ನು ಮುಂದಿಟ್ಟ ಕೃತಿಯ ಬಗ್ಗೆ ವಿಮರ್ಶಕರು ಬಾಯಿ ತೆರೆಯುವುದಾದರೂ ಹೇಗೆ ಎಂಬುದು ಅವರ ಪ್ರಶ್ನೆ. ಆ ಪ್ರಶ್ನೆ ಇಂದಿಗೂ ಜೀವಂತ. ಆದರೆ ಕೃತಿಯನ್ನು ನೋಡದೆ ಬರೆದದ್ದು ವಿಮರ್ಶೆಯಾಗದು. ಉತ್ತರವಿದ್ದರೆ ಅದು ರಂಗದ ಮೇಲೆಯೇ ಇತ್ತು. ಸಂಕಟ ನೃತ್ಯವಾಗಿ ಮಾರ್ಪಟ್ಟಿತೋ ಇಲ್ಲವೋ ಎಂದು ಹೇಳಲು ಸೀಟಿನಲ್ಲಿ ಕೂರಲೇಬೇಕಿತ್ತು.

ಕನ್ನಡದಲ್ಲಿ ನೃತ್ಯ ವಿಮರ್ಶೆ ಎಂದು ಅಚ್ಚಾಗುವುದರಲ್ಲಿ ಎಷ್ಟೋ ಭಾಗ ಕಾರ್ಯಕ್ರಮ ವರದಿ. ಮುಖ್ಯ ಅತಿಥಿಗಳು, ಹಾಡಿನ ರಾಗ ತಾಳ, ಕೊನೆಗೆ ‘ಪ್ರೇಕ್ಷಕರ ಮನಸೂರೆಗೊಂಡಿತು’. ಪದಗಳ ಕೊರತೆಯೆಂದು ಇದಕ್ಕೆ ನೆಪ ಹೇಳುವಂತಿಲ್ಲ. ಬಾಗು, ಬಳುಕು, ತೊನೆ, ನುಲಿ, ಒರಗು, ಹೊರಳು, ಕುಸಿ, ಅದುರು, ಕುಪ್ಪಳಿಸು ಎಂದು ಮೈಯ ಒಂದೊಂದು ಚಲನೆಗೂ ಕನ್ನಡದಲ್ಲಿ ಬೇರೆ ಬೇರೆ ಕ್ರಿಯಾಪದಗಳಿವೆ. ತೆಂಕುತಿಟ್ಟಿನ ಧೀಂಗಿಣ, ಬಡಗುತಿಟ್ಟಿನ ಮಂಡಿ, ಭರತನಾಟ್ಯದ ಅರೆಮಂಡಿ ಎಂದೊಡನೆ ಕನ್ನಡದ ನೋಡುಗರಿಗೆ ಮೊಣಕಾಲು ಎಲ್ಲಿ, ನೆಲ ಎಲ್ಲಿ ಎಂದು ಗೊತ್ತಾಗುತ್ತದೆ. ‘ಕಲಾವಿದೆ ಭಾವಪೂರ್ಣವಾಗಿ ನರ್ತಿಸಿದರು’ ಎಂದರೆ ಕಣ್ಣಿಗೆ ಏನೂ ಕಟ್ಟುವುದಿಲ್ಲ. ‘ಮೂರು ಸಲ ಏಳಲು ಹೋಗಿ, ಮೂರೂ ಸಲ ಸೊಂಟದಿಂದ ಕುಸಿದು, ನಾಲ್ಕನೆಯ ಸಲ ಅಂಗೈ ನೆಲಕ್ಕೂರಿ ಹಾಗೆಯೇ ನಿಂತರು’ ಎಂದರೆ ಪ್ರದರ್ಶನಕ್ಕೆ ಬಾರದವರಿಗೂ ಅಷ್ಟು ಸಿಗುತ್ತದೆ.

ಆದ್ದರಿಂದ ಈ ಸಮಾವೇಶಕ್ಕೆ ಬಂದಿರುವ ಕನ್ನಡದ ಬರಹಗಾರರಲ್ಲಿ, ವಿದ್ಯಾರ್ಥಿಗಳಲ್ಲಿ ಒಂದು ಕೋರಿಕೆ. ಪ್ರತಿ ಸಂಜೆ ಪ್ರದರ್ಶನ ಮುಗಿದೊಡನೆ, ಯಾರೊಡನೆಯೂ ಚರ್ಚಿಸುವ ಮೊದಲು, ಕಂಡ ಒಂದು ಚಲನೆಯನ್ನಾದರೂ ಕನ್ನಡದಲ್ಲಿ ಬರೆದಿಡಿ. ಇಷ್ಟವಾಯಿತೋ ಇಲ್ಲವೋ ಎಂಬುದನ್ನು ಆಮೇಲೆ ಬರೆಯಿರಿ. ಬರೆದದ್ದನ್ನು ಮರುದಿನ ಮಧ್ಯಾಹ್ನದ ಗೋಷ್ಠಿಗೆ ತನ್ನಿ. ಅದನ್ನು ಕೇಳಲು ಆಡಿದವರೂ ಅಲ್ಲಿರುತ್ತಾರೆ.