ಮನೆ ಕಟ್ಟುವ ಮೊದಲು ಮಾತು ಕೇಳಿ

(ಕೋಗಳಿಯ ಸಭೆಯೊಂದರಲ್ಲಿ ಮಾಡಿದ ಭಾಷಣದ ಬರಹರೂಪ)



ಊರ ಹೊರಗೆ ಹೊಸ ಊರು ಕಟ್ಟುವ ವಿಚಾರದಲ್ಲಿ ಜನಾಭಿಪ್ರಾಯವೆಂದರೇನು, ಅದನ್ನು ಯಾರು, ಯಾವಾಗ ಕೇಳಬೇಕು ಎಂಬುದನ್ನು ಕುರಿತು ನಾಲ್ಕು ಮಾತು ಹೇಳಬೇಕೆಂದು ನನ್ನನ್ನು ಕರೆದಿದ್ದೀರಿ. ನಾನು ದೊಡ್ಡ ಓದು ಓದಿದವನಲ್ಲ. ಮೆಟ್ರಿಕ್ ಮುಗಿಸಿ, ಕೆಲವು ವರ್ಷ ಮಕ್ಕಳಿಗೆ ಪಾಠ ಹೇಳಿ, ಆಮೇಲೆ ಪಕ್ಷದ ಕೆಲಸಕ್ಕೆ ಬಂದವನು. ಆದುದರಿಂದ ಮೇಷ್ಟರ ಚಾಳಿಯಂತೆ ಪ್ರಶ್ನೆಯನ್ನು ಮೊದಲು ಹಲಗೆಯ ಮೇಲೆ ಬರೆದುಬಿಡುತ್ತೇನೆ. ಸರಕಾರ ಕಟ್ಟಿಸಿದ ಎಷ್ಟೋ ಊರುಗಳಲ್ಲಿ ಮನೆಗಳಿದ್ದೂ ಜನರಿಲ್ಲ. ಜನರೇ ಕಟ್ಟಿಕೊಂಡ ಎಷ್ಟೋ ಊರುಗಳಿಗೆ ಬಹುಕಾಲ ಸರಕಾರದ ದಾಖಲೆಯಲ್ಲಿ ಹೆಸರೇ ಇರಲಿಲ್ಲ. ಇದು ಏಕೆ ಹೀಗಾಯಿತು?

ಮನೆ ಬೇಕು ಎಂಬುದರಲ್ಲಿ ಜಗಳವಿಲ್ಲ. ನಮ್ಮ ಹಗರಿಬೊಮ್ಮನಹಳ್ಳಿ, ಕೂಡ್ಲಿಗಿ, ಕೊಟ್ಟೂರು, ಹಡಗಲಿ, ಹರಪನಹಳ್ಳಿ ತಾಲೂಕುಗಳ ಯಾವ ಹಳ್ಳಿಗೆ ಹೋದರೂ ಒಂದೇ ಮಾಳಿಗೆಯ ಕೆಳಗೆ ಎರಡು ಮೂರು ಒಲೆ ಹೂಡಿರುವುದನ್ನು ನೋಡಬಹುದು. ಅಣ್ಣತಮ್ಮಂದಿರು ಬೇರೆಯಾಗಿದ್ದಾರೆ, ಗೋಡೆ ಮಾತ್ರ ಬೇರೆಯಾಗಿಲ್ಲ. ಊರೊಳಗೆ ಜಾಗವಿಲ್ಲ, ಊರ ಸುತ್ತಲೂ ಪಟ್ಟಾ ಜಮೀನು. ಹೀಗಿರುವಾಗ ಹೊರಗೆ ಹೊಸ ಬಡಾವಣೆ ಮಾಡಿ ನಿವೇಶನ ಕೊಡಿರೆಂದು ಬಡವರು ಕೇಳುವುದು ನ್ಯಾಯವಾದ ಬೇಡಿಕೆ. ಈ ಬೇಡಿಕೆಗಾಗಿ ನಾವು ಹೋರಾಡಿದ್ದೇವೆ, ಮುಂದೆಯೂ ಹೋರಾಡುತ್ತೇವೆ. ಆದರೆ ಮನೆ ಬೇಕೇ ಎಂದು ಕೇಳುವುದು ಬೇರೆ, ಎಲ್ಲಿ ಬೇಕು, ಎಂಥದು ಬೇಕು, ಯಾರ ನೆರೆಯಲ್ಲಿ ಬೇಕು ಎಂದು ಕೇಳುವುದು ಬೇರೆ. ಮೊದಲನೆಯದನ್ನು ಎಲ್ಲರೂ ಕೇಳುತ್ತಾರೆ. ಎರಡನೆಯದನ್ನು ಕೇಳುವವರು ಕಡಿಮೆ.

ನೀವು ಕುಳಿತಿರುವ ಈ ಕೋಗಳಿ ಸಣ್ಣ ಊರಲ್ಲ. ಸಾವಿರ ವರ್ಷದ ಹಿಂದೆ ಒಂದು ನಾಡಿಗೇ ಇದರ ಹೆಸರಿತ್ತು; ಕೋಗಳಿ ಐನೂರು ಎಂದು ಶಾಸನಗಳು ಕರೆಯುತ್ತವೆ. ಇಲ್ಲಿ ಬಸದಿಗಳಿವೆ, ಕಲ್ಲಿನ ಬರಹಗಳಿವೆ. ಇಂಥ ದಾನಶಾಸನಗಳಲ್ಲಿ ಭೂಮಿ ಕೊಟ್ಟ ಅರಸನ ಹೆಸರುಂಟು, ಪಡೆದ ಆಚಾರ್ಯರ ಹೆಸರುಂಟು, ಹೊಲದ ಎಲ್ಲೆಯೂ ಉಂಟು. ಆ ಹೊಲವನ್ನು ಉಳುತ್ತಿದ್ದವನು ಏನೆಂದ ಎಂಬುದು ಮಾತ್ರ ಇಲ್ಲ. ಅರಸರ ಕಾಲ, ಹೋಗಲಿ ಎನ್ನೋಣ. ಆಮೇಲಾದರೂ ಏನಾಯಿತು?

1945ರ ಫೆಬ್ರವರಿ 28ರಂದು ತುಂಗಭದ್ರಾ ಅಣೆಕಟ್ಟಿಗೆ ಅಡಿಗಲ್ಲು ಬಿತ್ತು. ಹೊಳೆಯ ಈ ದಂಡೆಯಲ್ಲಿ ಮದ್ರಾಸು ಸರಕಾರ, ಆ ದಂಡೆಯಲ್ಲಿ ನಿಜಾಮರ ಸರಕಾರ. 1953ರಲ್ಲಿ ನೀರು ನಿಂತಾಗ ಸುಮಾರು 90 ಹಳ್ಳಿಗಳ 54 ಸಾವಿರ ಜನರು ನೆಲೆ ಕಳೆದುಕೊಂಡಿದ್ದರು. ನಮ್ಮ ಪಕ್ಕದ ನಾರಾಯಣದೇವರಕೆರೆ ಹಾಗೆ ಮುಳುಗಿದ ಊರು. ಅಲ್ಲಿಯವರು ಮರಿಯಮ್ಮನಹಳ್ಳಿಗೆ ಬಂದು ನೆಲೆಸಿದರು. ನೀರು ನಿಂತದ್ದು ನಮ್ಮ ಹೊಲದ ಮೇಲೆ. ಕಾಲುವೆ ಹರಿದದ್ದು ಕೆಳಗಿನ ಸೀಮೆಗೆ. ಅಣೆಕಟ್ಟು ಬೇಡವಾಗಿತ್ತೆಂದು ನಾನು ಹೇಳುತ್ತಿಲ್ಲ. ಬರಗಾಲದಲ್ಲಿ ಬೆಂದ ಸೀಮೆಗೆ ಅದು ಅನ್ನ ಕೊಟ್ಟಿತು. ಆದರೆ ಈ ದಂಡೆಯಲ್ಲಿ ಆಗ ನಡೆಯುತ್ತಿದ್ದ 1894ರ ಭೂಸ್ವಾಧೀನ ಕಾಯಿದೆಯಲ್ಲಿ ರೈತ ಆಕ್ಷೇಪಣೆ ಬರೆದುಕೊಡಬಹುದಿತ್ತು, ಅಷ್ಟೆ. ಅವನ ಒಪ್ಪಿಗೆಯನ್ನು ಕೇಳುವ ಪದ್ಧತಿಯೇ ಇರಲಿಲ್ಲ. ಜಮೀನಿಲ್ಲದ ಕೂಲಿಯವನಿಗಂತೂ ಆಕ್ಷೇಪಣೆ ಬರೆಯಲು ಸರ್ವೆ ನಂಬರೂ ಇರಲಿಲ್ಲ.

ಅದು ಪರಕೀಯರ ಕಾಲದ ಕಾಯಿದೆ ಎನ್ನುವಿರಾ? ಹಾಗಾದರೆ ಸ್ವತಂತ್ರ ಭಾರತದ ಮಾತಿಗೆ ಬರೋಣ. 2009ರ ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಮೊದಲಲ್ಲಿ ಉತ್ತರ ಕರ್ನಾಟಕದಲ್ಲಿ ಭಾರಿ ಮಳೆ ಸುರಿದು ಹೊಳೆ ಹಳ್ಳಗಳು ಊರಿಗೆ ನುಗ್ಗಿದವು. ಸರಕಾರ ‘ಆಸರೆ’ ಎಂಬ ಹೆಸರಿನಲ್ಲಿ ದಾನಿಗಳ ನೆರವು ಪಡೆದು ಎತ್ತರದ ಜಾಗದಲ್ಲಿ ಹೊಸ ಗ್ರಾಮಗಳನ್ನು ಕಟ್ಟಿಸಿತು. ಉದ್ದೇಶ ಒಳ್ಳೆಯದು. ಆದರೆ ಬಾಗಲಕೋಟೆ, ರಾಯಚೂರು ಕಡೆಗೆ ಹೋಗಿ ನೋಡಿದವರಿಗೆ ಗೊತ್ತು: ಎಷ್ಟೋ ಕಡೆ ಆ ಮನೆಗಳು ಬೀಗ ಬಿದ್ದು, ಜಾಲಿ ಬೆಳೆದು ನಿಂತವು, ಜನ ಮತ್ತೆ ಹೊಳೆದಂಡೆಯ ಹಳೆಯ ಮನೆಗೇ ಹೋದರು. ಜನ ಹುಚ್ಚರೇ? ಅಲ್ಲ. ಎತ್ತು ಕಟ್ಟಲು ಜಾಗವಿಲ್ಲ, ಬಣವೆ ಒಟ್ಟಲು ಹಿತ್ತಲಿಲ್ಲ, ಹೊಲ ದೂರ, ನೀರು ಸಾಲದು. ಕೂಡಿ ಬಾಳುವ ಹತ್ತು ಜನರ ಮನೆಗೂ ಗಂಡ ಹೆಂಡಿರ ಮನೆಗೂ ಒಂದೇ ಅಳತೆ. ಮನೆ ಕಟ್ಟಿದವರು ಇಟ್ಟಿಗೆಯ ಲೆಕ್ಕ ಹಾಕಿದ್ದರು. ಬಾಳುವೆಯ ಲೆಕ್ಕ ಹಾಕಿರಲಿಲ್ಲ.

ಈಗ ಪ್ರಶ್ನೆಯ ಇನ್ನೊಂದು ಮಗ್ಗುಲನ್ನು ನೋಡಿ. ನಮ್ಮ ಸೀಮೆಯ ತಾಂಡಾಗಳು, ಹಟ್ಟಿಗಳು, ಕ್ಯಾಂಪುಗಳು. ಲಂಬಾಣಿಗರು, ಗೊಲ್ಲರು, ಕೂಲಿಕಾರರು ತಮ್ಮ ದನಕ್ಕೆ ಮೇವು, ತಮಗೆ ನೀರು, ಕೈಗೆ ಕೆಲಸ ಇವನ್ನು ನೋಡಿಕೊಂಡು ತಾವೇ ಕಟ್ಟಿದ ಊರುಗಳಿವು. ಯಾವ ಇಂಜಿನಿಯರರೂ ನಕ್ಷೆ ಬರೆಯಲಿಲ್ಲ. ತಲೆಮಾರು ಕಳೆದರೂ ಜನ ಬಿಟ್ಟುಹೋಗಲಿಲ್ಲ. ಆದರೆ ಕಂದಾಯ ಗ್ರಾಮವಲ್ಲವೆಂಬ ಒಂದೇ ಕಾರಣಕ್ಕೆ ಸ್ವಂತ ಮನೆಗೆ ಕಾಗದವಿರಲಿಲ್ಲ, ಸಾಲ ಹುಟ್ಟುತ್ತಿರಲಿಲ್ಲ. ಕೊನೆಗೆ 2025ರ ಮೇ 20ರಂದು ನಮ್ಮ ಜಿಲ್ಲಾ ಕೇಂದ್ರ ಹೊಸಪೇಟೆಯಲ್ಲಿ ರಾಜ್ಯದ 1,11,111 ಕುಟುಂಬಗಳಿಗೆ ಹಕ್ಕುಪತ್ರ ಕೊಡುವ ಸಮಾರಂಭ ನಡೆಯಿತು. ಸಂತೋಷ. ಆದರೆ ಹಲಗೆಯ ಮೇಲಿನ ಪ್ರಶ್ನೆಗೆ ಉತ್ತರ ಇಲ್ಲಿಯೇ ಇದೆಯಲ್ಲವೆ? ಬಾಳುವವರು ಜಾಗವನ್ನು ಆರಿಸಿದ ಊರು ಕಾಗದವಿಲ್ಲದೆಯೂ ಉಳಿಯಿತು. ಬಾಳುವವರನ್ನು ಕೇಳದೆ ಆರಿಸಿದ ಊರು ಕಾಗದವಿದ್ದೂ ಉಳಿಯಲಿಲ್ಲ.

ಹಾಗೆಂದು ‘ಹಳೆಯ ಊರೇ ಸ್ವರ್ಗ, ಹೊಸತೆಲ್ಲ ಕೇಡು’ ಎಂಬ ರಾಗಕ್ಕೆ ನಾನು ದನಿಗೂಡಿಸುವವನಲ್ಲ. ಯಾರಿಗೆ ಸ್ವರ್ಗ? ಊರ ನಡುವಿನ ಕಟ್ಟೆಯ ಮೇಲೆ ಕೂರುವವರಿಗೆ ಊರು ಒಂದು ಬಗೆ. ಕೇರಿಯಲ್ಲಿರುವವರಿಗೆ ಇನ್ನೊಂದು ಬಗೆ. ಡಾಕ್ಟರ್ ಅಂಬೇಡ್ಕರರು 1947ರಲ್ಲಿ ಸಂವಿಧಾನ ಸಭೆಗಾಗಿ ಸಿದ್ಧಪಡಿಸಿದ ಮನವಿಯಲ್ಲಿ, ಪರಿಶಿಷ್ಟ ಜಾತಿಯವರಿಗೆ ಸರಕಾರಿ ಬೀಳು ಭೂಮಿಯಲ್ಲಿ ಬೇರೆಯೇ ಹೊಸ ಊರುಗಳನ್ನು ಕಟ್ಟಿಕೊಡಬೇಕೆಂದು ಕೇಳಿದರು. ಹಳೆಯ ಊರಿನಲ್ಲಿ ಭೂಮಿಯೂ ಇಲ್ಲದೆ ಮಾನವೂ ಇಲ್ಲದೆ ಬಾಳುವುದಕ್ಕಿಂತ ಹೊಸ ಊರೇ ಲೇಸೆಂಬ ಅಭಿಪ್ರಾಯವೂ ಜನಾಭಿಪ್ರಾಯವೇ. ಅದೇ ಕೇರಿಯ ಮತ್ತೊಬ್ಬ, ‘ಹೊಸ ಮನೆಯ ಆಸೆ ತೋರಿಸಿ ನಮ್ಮನ್ನು ಇನ್ನೂ ಅರ್ಧ ಮೈಲು ದೂರ ತಳ್ಳುತ್ತಿದ್ದಾರೆ’ ಎಂದರೆ ಅದೂ ಜನಾಭಿಪ್ರಾಯವೇ. ಇನ್ನು ತನ್ನ ಹೊಲದ ಬಾಜುವಿಗೆ ಬಡವರ ಮನೆ ಬೇಡವೆನ್ನುವ ಜಮೀನುದಾರನಿದ್ದಾನೆ. ರಸ್ತೆ ಬಂದರೆ ತನ್ನ ಹೊಲದ ಬೆಲೆ ಏರೀತೆಂದು ಬಡವರ ಪರವಾಗಿ ಭಾಷಣ ಮಾಡುವವನೂ ಇದ್ದಾನೆ. ಇವರೆಲ್ಲರ ಮಾತನ್ನೂ ಒಂದೇ ಮಡಕೆಗೆ ಹಾಕಿ ಕಲಕಿ ‘ಊರವರ ಒಪ್ಪಿಗೆ’ ಎಂದು ಬರೆದುಕೊಂಡರೆ ಮೋಸವಾಗುತ್ತದೆ. ಯಾರು ಆ ಮನೆಯಲ್ಲಿ ಮಲಗಿ ಏಳಬೇಕೋ ಅವರ ಮಾತಿಗೆ ಮೊದಲ ತೂಕ.

ನಮ್ಮವರೇ ಮಾಡಿದ ತಪ್ಪನ್ನೂ ಮುಚ್ಚಿಡಬಾರದು. ಆಫ್ರಿಕದ ತಾಂಜಾನಿಯಾದಲ್ಲಿ ಜೂಲಿಯಸ್ ನೈರೇರೆ ಎಂಬ ಸಮಾಜವಾದಿ ನಾಯಕರಿದ್ದರು. ಅವರೂ ಮೇಷ್ಟರಾಗಿದ್ದವರೇ. ಚದರಿಹೋಗಿದ್ದ ಒಕ್ಕಲುಗಳನ್ನು ಒಂದೆಡೆ ಸೇರಿಸಿದರೆ ಶಾಲೆ, ನೀರು, ಔಷಧಿ ಎಲ್ಲರಿಗೂ ಸಿಕ್ಕೀತೆಂದು 1967ರ ಅರುಷಾ ಘೋಷಣೆಯ ನಂತರ ಉಜಾಮಾ ಗ್ರಾಮಗಳನ್ನು ಪ್ರಾರಂಭಿಸಿದರು. ಮನಸ್ಸಿದ್ದವರು ಬರಲಿ ಎಂಬುದು ಮೊದಲಿನ ನೀತಿ. ಬರುವವರು ಕಡಿಮೆಯೆಂದು ಕಂಡಾಗ 1973ರಲ್ಲಿ ಆಜ್ಞೆ ಹೊರಟಿತು: 1976ರೊಳಗೆ ಎಲ್ಲರೂ ಹಳ್ಳಿಗಳಲ್ಲಿ ನೆಲೆಸಲೇಬೇಕು. ಲಕ್ಷಗಟ್ಟಲೆ ಜನರನ್ನು ಸಾಗಿಸಲಾಯಿತು. ಹಿಂದಕ್ಕೆ ಹೋಗಬಾರದೆಂದು ಕೆಲವೆಡೆ ಹಳೆಯ ಮನೆಗಳನ್ನು ಸುಟ್ಟರು. ಹೊಲ ದೂರವಾಯಿತು, ಜನರ ವಿಶ್ವಾಸವೂ ದೂರವಾಯಿತು. ನೈರೇರೆ ಪ್ರಾಮಾಣಿಕರು, ಸರಳರು. ಆದರೂ ಹೀಗಾಯಿತು. ಬಡವರಿಗೆ ಒಳ್ಳೆಯದನ್ನು ಮಾಡುತ್ತಿದ್ದೇವೆಂಬ ನಂಬಿಕೆಯೇ ಬಡವರನ್ನು ಕೇಳದಿರಲು ನೆಪವಾಗಬಹುದು. ನಮ್ಮಂಥ ಕಾರ್ಯಕರ್ತರು ಇದನ್ನು ಗೋಡೆಯ ಮೇಲೆ ಬರೆದುಕೊಳ್ಳಬೇಕು.

ದೂರದ ಮಾತೇಕೆ, ನನ್ನದೇ ಹೇಳುತ್ತೇನೆ. ಕೆಲವು ವರ್ಷಗಳ ಹಿಂದೆ ಒಂದು ಹಳ್ಳಿಯಲ್ಲಿ ನಿವೇಶನದ ಅರ್ಜಿ ಬರೆದು ಮನೆಮನೆಗೆ ತಿರುಗಿ ಸಹಿ ಹಾಕಿಸಿದೆ. ಒಂದೇ ಸಂಜೆಗೆ ನೂರಕ್ಕೆ ಹತ್ತಿರ ಬಂತು, ನನಗೋ ಹೆಮ್ಮೆ. ಕಡೆಯ ಮನೆಯ ಮುದುಕಿ ಹೆಬ್ಬೆಟ್ಟು ಒತ್ತಿ, ಬೆರಳನ್ನು ಸೆರಗಿಗೆ ಒರೆಸಿಕೊಳ್ಳುತ್ತ, ‘ಯಪ್ಪಾ, ಹೆಬ್ಬೆಟ್ಟೇನೋ ತಗಂಡಿ, ಮನಿ ಎಲ್ಲಿ ಅಂತ ಹೇಳಲೇ ಇಲ್ಲಲ್ಲ?’ ಎಂದಳು. ಹಳ್ಳದಾಚೆಯ ಸರಕಾರಿ ಜಾಗ ಎಂದೆ. ‘ಮಳೆಗಾಲದಾಗ ಆ ಹಳ್ಳ ನೋಡಿಯೇನು? ಹೆರಿಗಿ ನೋವು ಬಂದ ಹುಡುಗೀನ ರಾತ್ರಿ ಹೆಂಗ ದಾಟಸ್ತಿ?’ ಎಂದು ಕೇಳಿದಳು. ನಾನು ಆ ಜಾಗವನ್ನು ಮಳೆಗಾಲದಲ್ಲಿರಲಿ, ಬೇಸಗೆಯಲ್ಲೂ ನೋಡಿರಲಿಲ್ಲ. ನೂರು ಸಹಿಗಳು ನನ್ನ ಚೀಲದಲ್ಲಿದ್ದವು. ಅಭಿಪ್ರಾಯ ಒಂದೂ ಇರಲಿಲ್ಲ. ಆ ಅರ್ಜಿಯನ್ನು ಹರಿದು ಹಾಕಿದೆವು. ಹೆಣ್ಣುಮಕ್ಕಳನ್ನು ಕರೆದುಕೊಂಡು ಜಾಗಗಳನ್ನು ನಡೆದು ನೋಡಿ ಹೊಸದನ್ನು ಬರೆದೆವು. ಅದರಿಂದ ಒಂದು ವರ್ಷ ತಡವಾಯಿತೆಂದು ನನ್ನನ್ನು ಬೈದವರೂ ಉಂಟು. ಅವರ ಬೈಗುಳ ಸುಳ್ಳಲ್ಲ. ಮೊದಲೇ ಕೇಳಿದ್ದರೆ ಆ ವರ್ಷ ಉಳಿಯುತ್ತಿತ್ತು.

ಇನ್ನು ಕೆಲಸದ ಮಾತು. ನಿವೇಶನ ರಹಿತರ ಪಟ್ಟಿ, ವಸತಿ ಯೋಜನೆಯ ಫಲಾನುಭವಿಗಳ ಆಯ್ಕೆ ಗ್ರಾಮಸಭೆಯಲ್ಲಿ ಆಗಬೇಕು. ಅದು ನಿಮ್ಮ ಹಕ್ಕು. ಆದರೆ ನಮ್ಮ ಸೀಮೆಯಲ್ಲಿ ಸುಗ್ಗಿ ಮುಗಿದೊಡನೆ ಬಡವರು ಗುಳೆ ಹೋಗುತ್ತಾರೆ. ಬೆಂಗಳೂರಿಗೆ, ಕಾಫಿ ಸೀಮೆಗೆ, ಕಬ್ಬು ಕಡಿಯಲು ಹೋಗುತ್ತಾರೆ. ಮನೆ ಯಾರಿಗೆ ಬೇಕೋ ಅವರ ಬಾಗಿಲಿಗೆ ಬೀಗ ಬಿದ್ದಿರುವಾಗ ಸಭೆ ನಡೆದರೆ ಯಾರ ಅಭಿಪ್ರಾಯ ದಾಖಲಾದೀತು? ಗುಳೆ ಹೋದವರು ಹಬ್ಬಕ್ಕೆ, ಬಿತ್ತನೆಗೆ ಊರಿಗೆ ಬಂದಾಗ ಸಭೆ ಸೇರಿಸಿರಿ, ಮುಂಚಿತವಾಗಿ ಡಂಗುರ ಹೊಡೆಸಿರಿ ಎಂದು ಪಂಚಾಯಿತಿಯನ್ನು ಒತ್ತಾಯಿಸಿ.

ಸಭೆಯಲ್ಲಿ ‘ಮನೆ ಬೇಕೋ ಬೇಡವೋ’ ಎಂದು ಕೈ ಎತ್ತಿಸಿದರೆ ಸಾಲದು. ಜಾಗವನ್ನು ತೋರಿಸಿ, ಇವನ್ನು ಕೇಳಬೇಕು. ಹೊಲಕ್ಕೆ, ಕೂಲಿಗೆ, ಶಾಲೆಗೆ ಎಷ್ಟು ದೂರ? ಮನೆ ಕಟ್ಟುವ ಮೊದಲೇ ನೀರು ಬರುತ್ತದೆಯೋ, ಆಮೇಲೋ? ಎತ್ತು, ಎಮ್ಮೆ, ಕುರಿ ಎಲ್ಲಿ ನಿಲ್ಲಬೇಕು, ತಿಪ್ಪೆ ಎಲ್ಲಿ, ಬಣವೆ ಎಲ್ಲಿ? ಸತ್ತವರನ್ನು ಎಲ್ಲಿಗೆ ಒಯ್ಯಬೇಕು? ಯಾರ ಪಕ್ಕ ಯಾರ ಮನೆ. ಜಾತಿಗೊಂದು ಸಾಲು ಮಾಡಿ ಹಳೆಯ ಕೇರಿಯನ್ನೇ ಸಿಮೆಂಟಿನಲ್ಲಿ ಮತ್ತೆ ಕಟ್ಟುತ್ತೀರೋ? ಹಕ್ಕುಪತ್ರ ಹೆಂಡತಿಯ ಹೆಸರಿಗೋ, ಗಂಡನ ಹೆಸರಿಗೋ? ಪ್ರಧಾನ ಮಂತ್ರಿ ಆವಾಸ್ ಯೋಜನೆಯ ಗ್ರಾಮೀಣ ಮನೆಗೆ 2016ರಲ್ಲಿ ಗೊತ್ತುಮಾಡಿದ ಕನಿಷ್ಠ ಅಳತೆ 25 ಚದರ ಮೀಟರು, ಅಂದರೆ ಸುಮಾರು 270 ಚದರಡಿ, ಅಡಿಗೆಯ ಜಾಗವೂ ಸೇರಿ. ಅಷ್ಟರಲ್ಲಿ ಒಂದು ಸಂಸಾರ ಮಲಗಬಹುದು. ಬೇಸಾಯ ಮಾಡುವ ಸಂಸಾರ ಬಾಳಬೇಕಾದರೆ ಹಿತ್ತಲು ಬೇಕು. ಆದುದರಿಂದ ಮನೆಯ ಅಳತೆಗಿಂತ ನಿವೇಶನದ ಅಳತೆಯ ಮೇಲೆ ಕಣ್ಣಿಡಿ.

2013ರ ಭೂಸ್ವಾಧೀನ ಕಾಯಿದೆ ಒಂದು ಒಳ್ಳೆಯ ಪಾಠ ಕಲಿಸಿದೆ. ನೆಲೆ ಕಳೆದುಕೊಂಡವರಿಗಾಗಿ ಕಟ್ಟುವ ಊರಿನಲ್ಲಿ ಏನೇನಿರಬೇಕೆಂದು ಅದರ ಮೂರನೆಯ ಅನುಸೂಚಿ ಪಟ್ಟಿ ಮಾಡಿದೆ: ಕುಡಿಯುವ ನೀರು, ದನಗಳಿಗೆ ನೀರು, ಗೋಮಾಳ, ರಸ್ತೆ, ಚರಂಡಿ, ಶಾಲೆ, ಅಂಗನವಾಡಿ, ಸ್ಮಶಾನ, ನ್ಯಾಯಬೆಲೆ ಅಂಗಡಿ. ಬರೇ ನಿವೇಶನ ಹಂಚುವ ಬಡಾವಣೆಗೆ ಈ ಪಟ್ಟಿ ಕಡ್ಡಾಯವಲ್ಲ. ಕಡ್ಡಾಯವಲ್ಲದಿದ್ದರೇನು? ಮುಳುಗಡೆಯಾದವನಿಗೆ ಬೇಕಾದ ನೀರು ಮುಳುಗದವನಿಗೆ ಬೇಡವೇ? ಆ ಪಟ್ಟಿಯನ್ನು ಕೈಯಲ್ಲಿ ಹಿಡಿದುಕೊಂಡೇ ಗ್ರಾಮಸಭೆಗೆ ಹೋಗಿ. ನಿಮ್ಮ ಮಾತನ್ನು ನಡವಳಿ ಪುಸ್ತಕದಲ್ಲಿ ಬರೆಸಿ, ಓದಿಸಿ ಕೇಳಿ, ಆಮೇಲೆ ಸಹಿ ಹಾಕಿ.

‘ಎಲ್ಲರನ್ನೂ ಕೇಳುತ್ತ ಕೂತರೆ ಮನೆ ಆಗುವುದು ಯಾವಾಗ?’ ಎಂದು ಕೆಲವರು ಕೇಳುತ್ತಾರೆ. ನಾಲ್ಕು ಸಭೆಗಳಿಗೆ ಬೇಕಾಗುವುದು ನಾಲ್ಕು ತಿಂಗಳು. ಕಟ್ಟಿದ ಮನೆ ಪಾಳು ಬಿದ್ದರೆ ಹೋಗುವುದು ಒಂದು ತಲೆಮಾರು. ಮದುವೆ ಮಾಡಿ ನೋಡು, ಮನೆ ಕಟ್ಟಿ ನೋಡು ಎಂದರು ಹಿರಿಯರು. ಮದುವೆಗೆ ಹುಡುಗಿಯ ಒಪ್ಪಿಗೆ ಕೇಳುವ ಕಾಲ ಬಂದಿದೆ. ಮನೆಗೂ ಒಪ್ಪಿಗೆ ಕೇಳುವ ಕಾಲವನ್ನು ನಾವು ತರಬೇಕಾಗಿದೆ.

ನಾಳೆ ನಿಮ್ಮ ಊರಿಗೆ ಸರ್ವೆ ಸರಪಳಿ ಹಿಡಿದು ಯಾರಾದರೂ ಬಂದರೆ ಅಡ್ಡ ನಿಲ್ಲಬೇಡಿ, ಜೈಕಾರವನ್ನೂ ಹಾಕಬೇಡಿ. ಅವರ ಜೊತೆಗೆ ನಡೆಯಿರಿ. ಕೇರಿಯವರು, ತಾಂಡಾದವರು, ಹೆಣ್ಣುಮಕ್ಕಳು ಮುಂದೆ ನಡೆಯಲಿ. ಹಳ್ಳ ತೋರಿಸಿ, ಹಾದಿ ತೋರಿಸಿ, ‘ಇಲ್ಲಿ ಕಟ್ಟಿ, ಇಲ್ಲಿ ಬೇಡ’ ಎನ್ನಿ. ಆ ಮಾತನ್ನು ಅವರು ಬರೆದುಕೊಳ್ಳುವವರೆಗೆ ಮನೆಗೆ ಹಿಂತಿರುಗಬೇಡಿ.

 ಇನ್ನು ನೀವು ಮಾತನಾಡಿ, ನಾನು ಕೇಳುತ್ತೇನೆ.